ಬರೆ ಹಾಕುವವರು ಬಂದಾಗ

ರೀ,

ಪಾಪುವಿನ ಕಣ್ಣು ಬೆಳಿಗ್ಗೆ ಇನ್ನಷ್ಟು ಹಳದಿಯಾಗಿತ್ತು. ಎತ್ತಿಕೊಂಡು ಆಸ್ಪತ್ರೆಗೆ ಹೋಗಿದ್ದೇನೆ. ಅನ್ನ, ಸಾರು ಮುಚ್ಚಿಟ್ಟಿದ್ದೇನೆ. ಬೆಕ್ಕು ಬರದಂತೆ ಅಡುಗೆಮನೆ ಕಿಟಕಿ ಹಾಕಿಕೊಳ್ಳಿ.

ಕಾಮಾಲೆಗೆಂದು ಪಾಪುವಿನ ಹೊಟ್ಟೆಗೆ ಬರೆ ಹಾಕಲು ಅತ್ತೆ ಹೇಳಿಕಳಿಸಿರುವ ಕೆಸರೆಯ ಮಹಾವೈದ್ಯರು ಮಧ್ಯಾಹ್ನ ಬರುತ್ತಾರೆ. ಕಾಯಿಸಬೇಕಾದ ಬಳೆಚೂರು ದೇವರ ಗೂಡಿನಲ್ಲಿದೆ. "ಒಂದು ಬರೆ ಎಳುದ್ರೆ ಬುಟ್ಟೋಯ್ತದೆ ಕಣಮ್ಮ" ಎಂದು ಅತ್ತೆ ಅಂದದ್ದು ನನಗೆ ಆಶ್ಚರ್ಯವಲ್ಲ. ಕಾಲೇಜಿನಲ್ಲಿ ವಿಜ್ಞಾನ ಹೇಳಿಕೊಡುವ ನೀವು ಪತ್ರಿಕೆಯಿಂದ ತಲೆ ಎತ್ತದೆ, "ಅವ್ವನ ಸಮಾಧಾನಕ್ಕೆ ಹಾಕಿಸ್ಬುಡು, ಏನಾಗ್ತದೆ?" ಅಂದಿರಲ್ಲ!

ಏನೂ ಆಗುವುದಿಲ್ಲವೆಂದ ಮೇಲೆ ಅವರನ್ನು ಸುಮ್ಮನೆ ವಾಪಸು ಕಳಿಸಬೇಡಿ. ನಿಮ್ಮ ಹೊಟ್ಟೆ ತೋರಿಸಿ. ಅತ್ತೆಗೂ ಸಮಾಧಾನವಾಗುತ್ತದೆ.

ಸುಟ್ಟ ಗಾಯದ ಮುಲಾಮು ಕನ್ನಡಿಯ ಹಿಂದಿದೆ.

ಸುಲೋಚನ