ಸೊಂಟಕ್ಕೆ ಕಟ್ಟಿದ ಹಗ್ಗ

ನವೆಂಬರ್ 14, ಗುರುವಾರ. ಹಾಂಗ್‌ಕಾಂಗ್.

ಇಂದು ಅಮ್ಮನನ್ನು ಅಮ್ಮ ಎನ್ನಲಿಲ್ಲ.

ಹಡಗಿನಿಂದ ಇಳಿದ ಹನ್ನೆರಡು ಪ್ರವಾಸಿಗರಿಗೆ ಅಬರ್ಡೀನ್ ಬಂದರು ತೋರಿಸಲು ನನಗಿದ್ದುದು ಅರ್ಧ ಗಂಟೆ. ಎಂದಿನ ದೋಣಿ ಕೆಟ್ಟಿತ್ತು. ಸರದಿಯಲ್ಲಿದ್ದ ಅಮ್ಮನ ದೋಣಿಯನ್ನೇ ಹತ್ತಿಸಬೇಕಾಯಿತು.

ದೋಣಿಗಳಲ್ಲೇ ಸಂಸಾರ ಮಾಡುತ್ತಿದ್ದವರು ಮಕ್ಕಳು ನೀರಿಗೆ ಬೀಳದಂತೆ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರೆಂದು ಎಂದಿನಂತೆ ವಿವರಿಸಿದೆ. ಒಬ್ಬಾಕೆ ನಂಬಲಿಲ್ಲ.

"ಆ ಅಜ್ಜೀನೇ ಕೇಳಮ್ಮ."

ಕೇಳಿದೆ. ಚುಕ್ಕಾಣಿ ಹಿಡಿದಿದ್ದ ಅಮ್ಮ, ಪ್ರವಾಸಿಗರಿಗೆ ತಿಳಿಯದ ನಮ್ಮ ದೋಣಿಯವರ ಮಾತಿನಲ್ಲೇ ಹೇಳಿದಳು: "ಕಟ್ದೆ ಏನ್ಮಾಡ್ಲಿ? ನೀನೇನು ಒಂದ್ಕಡೆ ಕೂರ್ತಿದ್ದೆಯಾ? ಐದು ವರ್ಷ ಬಿಚ್ಚಿರ್ಲಿಲ್ಲ. ಬಿಚ್ಚಿದ್ದೇ ತಪ್ಪಾಯ್ತು ನೋಡು."

"ಏನಂತೆ?"

"ನಿಜವಂತೆ," ಎಂದೆ, ಅಷ್ಟೇ.

ನೆಂಟರ ದೋಣಿ ಹತ್ತಿಸಬಾರದೆಂದು ಕಚೇರಿಯ ನಿಯಮವಿದೆ. ಗುರುತು ಹೇಳದಿರಲು ಅದನ್ನು ನೆಪ ಮಾಡಿಕೊಂಡೆ. ನಿಜವೆಂದರೆ, ದೋಣಿಯವರ ಮಗಳೆಂದು ಹೇಳಿಕೊಳ್ಳಲು ನಾಚಿಕೆಯಾಯಿತು.

ಇಳಿಯುವಾಗ ಅಮ್ಮ ಎಲ್ಲರಿಗೂ ಚಾಚಿದಂತೆ ನನಗೂ ಕೈ ಚಾಚಿ, "ಹುಷಾರು ಮೇಡಂ, ಮೆಟ್ಲು ಜಾರುತ್ತೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಫೋನ್ ಮಾಡಿ ಏನಾದರೂ ಹೇಳಬಹುದಿತ್ತು. ಈಗ ಯಾವ ಮಾತಿನಿಂದ ಶುರು ಮಾಡುವುದೆಂದು...