ಭಾವನ ಸ್ಯಾಕ್ಸೋಫೋನ್, ನನ್ನ ಮೊಣಕೈ

ಮನೆ, ಮಹಡಿಯ ಹಿಂದಿನ ಕೋಣೆ
ಮಾರ್ಚ್ ೧೩, ಬುಧವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತಾ? ಆಪರೇಷನ್ ಥಿಯೇಟರಿನ ಕೋರ್ಸ್ ಅಂದರೆ ದಿನವಿಡೀ ನಿಂತೇ ಕಲಿಯಬೇಕು ಅಂತ ನೀನೇ ಅಂದಿದ್ದೆ. ಜಾಗ ಸಿಕ್ಕಿದಾಗಲೆಲ್ಲ ಕೂತುಕೋ, ಡಾಕ್ಟರು ಏನಾದರೂ ಅಂದುಕೊಳ್ಳಲಿ. ಹಾಸ್ಟೆಲಿನ ಹಾಸಿಗೆ ತೀರ ಮೆತ್ತಗಿದ್ದರೆ ಕೆಳಗೊಂದು ಹಲಗೆ ಹಾಕಿಸಿಕೋ. ಇಲ್ಲಿ ನಾನು, ನಿನ್ನ ಗಂಡ ಇಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಅಂದರೆ ಜ್ವರಗಿರ ಏನೂ ಇಲ್ಲ ಅಂತ ಅರ್ಥ. ಫೋನ್ ಇರುವಾಗ ಪತ್ರ ಯಾಕೋ ಅಂತ ಕೇಳುತ್ತೀಯ. ನನ್ನ ಫೋನ್ ಅಂಗಡಿಯಲ್ಲಿ ದೊಡ್ಡ ಗಾಜಿನ ಅಡಿಗೆ ಸಿಕ್ಕಿ ಪುಡಿಯಾಗಿದೆ. ಭಾವನ ಫೋನಿನಲ್ಲಿ ಮಾತಾಡೋಣ ಅಂದರೆ ಇರುವುದೇ ಎರಡು ಕೋಣೆ. ಅವರ ಕಿವಿ ನಿನಗೆ ಗೊತ್ತಲ್ಲ, ಮೇಲೆ ಲಿಫ್ಟಿನ ಮೋಟಾರು ಕೆಮ್ಮಿದರೆ ಕೆಳಗೆ ನಿಂತು ಕೇಳಿಸಿಕೊಳ್ಳುವ ಕಿವಿ. ಈಗ ಅವರು ಕೆಲಸಕ್ಕೆ ಹೋಗಿದ್ದಾರೆ. ನಾನು ಅಂಗಡಿಗೆ ಹೊಟ್ಟೆನೋವು ಅಂತ ಹೇಳಿ ಬರೆಯಲು ಕೂತಿದ್ದೇನೆ. ಹತ್ತನೇ ಕ್ಲಾಸಿನ ಪರೀಕ್ಷೆ ಬಿಟ್ಟರೆ ಇಷ್ಟುದ್ದ ನಾನು ಬರೆದೇ ಇಲ್ಲ, ತಪ್ಪಿದ್ದರೆ ನಗಬೇಡ. ಹೊಟ್ಟೆನೋವು ಅಂದದ್ದೂ ಪೂರ್ತಿ ಸುಳ್ಳಲ್ಲ. ಹೊಟ್ಟೆಯೊಳಗೆ ಉರಿಯುತ್ತಿರುವುದು ನಿಜ.

ಹೊರಡುವ ದಿನ ಬ್ಯಾಗಿನ ಜಿಪ್ ಎಳೆಯುತ್ತಾ, ನೀವಿಬ್ಬರೂ ಸೇರಿ ನುಡಿಸುತ್ತಿದ್ದರೆ ನನಗೆ ಅಲ್ಲಿ ನೆಮ್ಮದಿ ಅಂದೆಯಲ್ಲ, ಆ ಮಾತಿಗೆ ಕಟ್ಟುಬಿದ್ದು ನುಡಿಸುತ್ತಲೇ ಇದ್ದೇವೆ. ಮನೆಯಲ್ಲಿ ಅಭ್ಯಾಸ ಮಾಡುವ ಹಾಗಿಲ್ಲ, ಕೆಳಗಿನ ಮನೆಯಾಕೆ ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಾಳೆ. ಅದಕ್ಕೆ ಭಾವ ತಾವು ಲಿಫ್ಟ್ ರಿಪೇರಿ ಮಾಡುವ ಒಂದು ಕಟ್ಟಡದ ತುದಿಗೆ, ಮೋಟಾರಿನ ಕೋಣೆಗೆ, ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಸ್ಯಾಕ್ಸ್ ಊದಿದರೆ ಸದ್ದು ಲಿಫ್ಟಿನ ಬಾವಿಗೆ ಇಳಿದು ತಳ ಮುಟ್ಟಿ ವಾಪಸು ಬರುತ್ತದೆ. ನಾಲ್ಕನೇ ಮಹಡಿಯ ಅಜ್ಜಿಯೊಬ್ಬಳು ಲಿಫ್ಟ್ ಅಳುತ್ತಾ ಇದೆ, ನಾನು ಹತ್ತಲ್ಲ ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಭಾವನೇ ಇಳಿದು ಹೋಗಿ, ಎಣ್ಣೆ ಬಿಟ್ಟಿದ್ದೀನಿ ಅಜ್ಜಿ, ಇನ್ನು ಅಳಲ್ಲ ಅಂತ ಸಮಾಧಾನ ಮಾಡಿ ಬಂದರು. ನನ್ನ ಗಿಟಾರಿನ ಸದ್ದು ಮಾತ್ರ ಆ ಬಾವಿಗೆ ಇಳಿಯುವುದಿಲ್ಲ. ಮೋಟಾರಿನ ಕೋಣೆಯಲ್ಲೇ ಒಂದು ಸುತ್ತು ಹೊಡೆದು ನನ್ನ ಕಾಲಬುಡಕ್ಕೇ ಬಂದು ಬೀಳುತ್ತದೆ. ಅದನ್ನು ಕೇಳಿ ಯಾವ ಅಜ್ಜಿಯೂ ಹೆದರಿಲ್ಲ.

ನಾನು ಗಿಟಾರ್ ಕಲಿತದ್ದು ನಿನ್ನೆದುರು. ನೀನು ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಂದು ಬಿಸಿನೀರಿನ ಬಕೆಟಿನಲ್ಲಿ ಕಾಲಿಟ್ಟು ಕೂತು ಕೇಳುತ್ತಿದ್ದೆ. ನಾನು ಎಡವಿದರೆ ಕಣ್ಣು ಮುಚ್ಚಿಕೊಂಡೇ "ಇನ್ನೊಂದ್ಸಲ, ಅದೇ ಜಾಗ" ಅನ್ನುತ್ತಿದ್ದೆ. ನನಗಿದ್ದ ಸಭೆಯೆಲ್ಲ ನೀನೊಬ್ಬಳೇ. ಆಮೇಲೆ ಭಾವ ಬಂದರು, ಅವರ ಹಿಂದೆಯೇ ಆ ಕಪ್ಪು ಪೆಟ್ಟಿಗೆಯೂ ಬಂತು. ಮೊದಲ ಸಲ ಅವರು ಊದಿದಾಗ ನೀನು ಬಕೆಟಿನಿಂದ ಕಾಲು ತೆಗೆದು, ಒದ್ದೆ ಕಾಲಿನಲ್ಲೇ ಎದ್ದು ನಿಂತೆ. ನನಗೋಸ್ಕರ ನೀನು ಯಾವತ್ತೂ ಕಾಲು ತೆಗೆದವಳಲ್ಲ ಅಕ್ಕ. ಇದನ್ನು ಹೇಳಬಾರದು ಅಂತಲೇ ಇಷ್ಟು ದಿನ ಸುಮ್ಮನಿದ್ದೆ. ಬರೆಯುವಾಗ ಕೈ ಬಾಯಿಗಿಂತ ಸಡಿಲ ಅಂತ ಈಗ ಗೊತ್ತಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಹಳೆಯ ಪ್ರಿಂಟಿಂಗ್ ಪ್ರೆಸ್ಸಿನ ಶೆಡ್ ಒಂದನ್ನು ಒಬ್ಬ ಹೆಂಗಸು ಕೊಂಡು, ಮಡಚುವ ಕುರ್ಚಿ ಹಾಕಿಸಿ, ಸಂಗೀತದ ಜಾಗ ಮಾಡಿದ್ದಾಳೆ. ಗೋಡೆಯಲ್ಲಿ ಇನ್ನೂ ಶಾಯಿಯ ವಾಸನೆ ಇದೆ. ಪ್ರತಿ ಶನಿವಾರ ಖಾಯಂ ನುಡಿಸಲು ಅವಳಿಗೆ ಯಾರಾದರೂ ಬೇಕಾಗಿತ್ತು. ನಮಗೆ ಒಂದು ಶನಿವಾರ ಕೊಟ್ಟು, ಅದನ್ನು ಕೇಳಿ ಯಾರನ್ನು ಇಟ್ಟುಕೊಳ್ಳುವುದು ಅಂತ ಹೇಳುತ್ತೇನೆ ಅಂದಳು. ಯಾರನ್ನು ಅಂದಾಗ ನಮ್ಮಿಬ್ಬರನ್ನೂ ಬೇರೆಬೇರೆಯಾಗಿ ನೋಡಿದ್ದು ನನಗೆ ಕಂಡಿತು. ಟೈರ್ ಅಂಗಡಿ ಬಿಟ್ಟೆ, ಕೊರಿಯರ್ ಬಿಟ್ಟೆ, ಗಾಜಿನಂಗಡಿ ಯಾವತ್ತು ಬಿಡುತ್ತೇನೋ ಅಂತ ನಮ್ಮ ಓನರೇ ಕಾಯುತ್ತಿದ್ದಾನೆ. ನಾನು ಬಿಟ್ಟು ಓಡದೆ ಉಳಿದದ್ದು ಈ ಗಿಟಾರ್ ಒಂದೇ. ಇದರಲ್ಲಾದರೂ ಇವನು ಬೇಕು ಅಂತ ಯಾರಾದರೂ ಹೇಳಲಿ ಅನ್ನುವುದು ನನ್ನ ಆಸೆ. ಹೊರಗೆ ಪೋಸ್ಟರ್ ಅಂಟಿಸಿದ್ದರು. "ಜಾಝ್ ಫ್ಯೂಷನ್, ಸ್ಯಾಕ್ಸ್ ಮತ್ತು ಗಿಟಾರ್" ಅಂತ ದಪ್ಪಕ್ಷರ. ಕೆಳಗೆ ಭಾವ ಕೆನ್ನೆ ಉಬ್ಬಿಸಿಕೊಂಡು ಪೂರ್ತಿ ನಿಂತಿದ್ದಾರೆ. ಬದಿಯಲ್ಲಿ ಏನೋ ಒಂದು ಕಾಣುತ್ತದಲ್ಲ, ಕುರ್ಚಿಯ ಕೈ ಇರಬೇಕು ಅಂದುಕೊಂಡರೆ ಅದು ನನ್ನ ಮೊಣಕೈ. ಡ್ರಮ್ ಬಾರಿಸುವ ಡುಮ್ಮ ಅದರಲ್ಲಿ ಇಲ್ಲವೇ ಇಲ್ಲ, ಆದರೂ ಅವನು ಹಾಯಾಗಿದ್ದಾನೆ. ಬಂದವರು ನನ್ನನ್ನು ತೋರಿಸಿ "ಇವರು ಸ್ಯಾಕ್ಸ್‌ನವರ ಬಾಮೈದ" ಅನ್ನುತ್ತಿದ್ದರು. ಗಿಟಾರ್ ಕುತ್ತಿಗೆಗೆ ನೇತುಹಾಕಿಕೊಂಡು ನಿಂತಿದ್ದೇನೆ, ಆದರೂ ನಾನು ಬಾಮೈದ.

ಇನ್ನೊಂದು ಸಂಕಟ ಹೇಳುತ್ತೇನೆ, ನಿನಗಲ್ಲದೆ ಯಾರಿಗೆ ಅರ್ಥವಾದೀತು. ನನ್ನ ಗಿಟಾರಿಗೆ ತವರು ಅಂದರೆ ಇ ಶ್ರುತಿ. ದಪ್ಪ ತಂತಿಯೂ ಅದೇ, ಸಣ್ಣ ತಂತಿಯೂ ಅದೇ, ಬೆರಳಿಡದೆ ಸುಮ್ಮನೆ ಮೀಟಿದರೂ ಕೋಣೆ ತುಂಬುತ್ತದೆ. ಭಾವನ ಸ್ಯಾಕ್ಸಿಗೆ ಸಲೀಸಾಗುವುದು ಅದಕ್ಕಿಂತ ಅರ್ಧ ಸ್ವರ ಕೆಳಗೆ. ಅರ್ಧ ಸ್ವರ ಅಂದರೆ ಗಿಟಾರಿನಲ್ಲಿ ಒಂದೇ ಒಂದು ಮೆಟ್ಟಿಲು. ಅವರು ಮನೆಗೆ ಬಂದಾಗಿನಿಂದ ಎಲ್ಲ ಹಾಡೂ ಅವರ ಶ್ರುತಿಯಲ್ಲೇ. ನಾನು ಒಂದು ತಂತಿಯನ್ನೂ ಬಿಟ್ಟು ಮೀಟುವ ಹಾಗಿಲ್ಲ, ಎಲ್ಲವನ್ನೂ ಅದುಮಿ ಹಿಡಿದೇ ಇರಬೇಕು. ಗಾಜು ಕೊಯ್ದು ಗೀರು ಬಿದ್ದ ಬೆರಳೆಲ್ಲ ಉರಿಯುತ್ತವೆ. ಒಂದು ಸಲವಾದರೂ ನನ್ನ ಶ್ರುತಿಗೆ ಬನ್ನಿ ಅಂತ ಕೇಳಿದ್ದೆ. ಸ್ಯಾಕ್ಸಿನಲ್ಲಿ ಅದು ಎಲ್ಲ ಬೆರಳನ್ನೂ ತಿರುವುಮುರುವು ಮಾಡಿಸುತ್ತೆ, ಆಮೇಲೆ ನೋಡೋಣ ಅಂದರು. ಆ ಆಮೇಲೆ ಬರಲೇ ಇಲ್ಲ.

ಶನಿವಾರ ಶೆಡ್ ತುಂಬಿತ್ತು. ಮೈಕಿಗೆ ಗಾಳಿಯ ಸದ್ದು ಸಿಗುತ್ತದೆ ಅಂತ ಫ್ಯಾನು ಆರಿಸಿದ್ದರು, ಎಲ್ಲರೂ ಬಾಗಿಲಲ್ಲಿ ಹಂಚಿದ ಪೋಸ್ಟರಿನ ಕಾಗದದಲ್ಲೇ ಬೀಸಿಕೊಳ್ಳುತ್ತಿದ್ದರು. ಸಾಲುಸಾಲಾಗಿ ಭಾವನ ಮುಖ ಅಲ್ಲಾಡುತ್ತಿತ್ತು. ಮೊದಲ ಎರಡು ಹಾಡಿಗೆ ಚಪ್ಪಾಳೆ ಬಿದ್ದದ್ದು ಅವರು ಊದಿ ನಿಲ್ಲಿಸಿದಾಗ. ನಾನು ನುಡಿಸುವಾಗ ಜನ ನೀರು ಕುಡಿದರು, ಪಕ್ಕದವರನ್ನು ಮಾತಾಡಿಸಿದರು. ಕೊನೆಯದು ನಾವು ಮೋಟಾರಿನ ಕೋಣೆಯಲ್ಲಿ ಕಟ್ಟಿದ ಹಾಡು. ನಡುವೆ ನನ್ನ ಸರದಿ ಇದೆ, ಅಷ್ಟು ಹೊತ್ತೂ ಭಾವ ಸ್ಯಾಕ್ಸ್ ಇಳಿಸಿ ಕಣ್ಣು ಮುಚ್ಚಿ ನಿಂತಿರುತ್ತಾರೆ. ಆ ದಿನ ನಾನು ಏರುತ್ತಾ ಹೋದೆ, ಇಳಿಯುವ ಜಾಗ ಬಂದಾಗ ಒಂದು ಮೆಟ್ಟಿಲು ಮೇಲೆ, ನನ್ನ ಇ ಶ್ರುತಿಯಲ್ಲೇ ನಿಂತುಬಿಟ್ಟೆ. ಕೈ ಜಾರಿತು ಅಂತ ಹೇಳಿದರೆ ನೀನು ನಂಬುತ್ತೀಯ. ಜಾರಲಿಲ್ಲ. ನನ್ನ ತಂತಿಗಳೆಲ್ಲ ಒಂದೇ ಸಲ ಬಾಯಿಬಿಟ್ಟವು ಅಕ್ಕ, ಶೆಡ್ಡಿನ ತಗಡು ಗುಂಯ್ ಅಂದಿತು. ನೀರು ಕುಡಿಯುತ್ತಿದ್ದವರು ಬಾಟಲಿ ಇಳಿಸಿ ನನ್ನ ಕಡೆ ನೋಡಿದರು. ಆಗ ಭಾವ ಕಣ್ಣು ಮುಚ್ಚಿಕೊಂಡೇ, ಎಂದಿನ ಬೆರಳಿಟ್ಟು, ತಮ್ಮ ಶ್ರುತಿಯಲ್ಲೇ ಹಾಡಿಗೆ ಸೇರಿದರು.

ಗಾಜು ಕೊಯ್ಯುವ ಉಳಿ ಜಾರಿದಾಗ ಕಿರ್ ಅನ್ನುತ್ತದಲ್ಲ, ಅಂಥ ಸದ್ದು ಬಂತು. ಮುಂದಿನ ಸಾಲಿನವಳೊಬ್ಬಳು ಭುಜ ಕುಗ್ಗಿಸಿದಳು. ಎಲ್ಲರಿಗೂ ತಪ್ಪಿದ್ದು ಸ್ಯಾಕ್ಸ್ ಅಂತಲೇ ಅನಿಸಿತು. ಭಾವ ಕಣ್ಣು ಬಿಟ್ಟು ಮೊದಲು ನನ್ನ ಕೈ ನೋಡಿದರು, ಆಮೇಲೆ ಮುಖ. ನಾನು ನಿಲ್ಲಿಸಲಿಲ್ಲ, ನಿಲ್ಲಿಸುವ ಮನಸ್ಸೂ ಇರಲಿಲ್ಲ. ಅವರು ಸ್ಯಾಕ್ಸಿನ ಬಾಯನ್ನು ಅಂಗಿಗೆ ಒರೆಸಿಕೊಂಡು ಒಂದು ಸುತ್ತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಒಂದು ಸ್ವರ ಹಿಡಿದರು. ಅವರ ಶ್ರುತಿಗೂ ಸಲ್ಲುವ, ನನ್ನ ಶ್ರುತಿಗೂ ಸಲ್ಲುವ ಸ್ವರ. ಹಾಡನ್ನು ಬಿಟ್ಟೇಬಿಟ್ಟರು. ಅದೊಂದನ್ನೇ ಉದ್ದಕ್ಕೆ ಎಳೆದರು, ತುಂಡು ಮಾಡಿದರು, ಪಿಸುಗುಟ್ಟಿದರು, ಕೆಮ್ಮಿದ ಹಾಗೆ ಊದಿದರು. ಅದರ ಕೆಳಗೆ ನಾನು ಜಾಗ ಬದಲಾಯಿಸಿದ ಹಾಗೆಲ್ಲ ಅದೇ ಸ್ವರ ಒಮ್ಮೆ ನಕ್ಕ ಹಾಗೆ, ಒಮ್ಮೆ ಬೈದ ಹಾಗೆ ಕೇಳಿಸುತ್ತಿತ್ತು. ಬೀಸಿಕೊಳ್ಳುವ ಕಾಗದಗಳು ನಿಂತವು. ನನಗೆ ಎಷ್ಟು ಸಿಟ್ಟು ಬಂತೆಂದರೆ ನಾನು ಬದುಕಿನಲ್ಲೇ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ. ಮುಗಿದಾಗ ಜನ ಎದ್ದು ನಿಂತರು. ಭಾವ ಮೈಕಿಗೆ ಬಗ್ಗಿ, "ಇದು ನಮ್ಮ ಬಾಮೈದನ ಕೈಚಳಕ" ಅಂದರು. ಎಲ್ಲರೂ ನಕ್ಕರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದಕ್ಕೆ ಏನು ಮಾಡಲಿ. ಬೀಳಿಸಲು ಕಾಲು ಅಡ್ಡ ಕೊಟ್ಟರೆ ಈ ಮನುಷ್ಯ ಅದನ್ನೂ ಕುಣಿತ ಮಾಡಿಬಿಟ್ಟರು.

ಮನೆಯಲ್ಲಿ ಭಾನುವಾರ ಪೂರ್ತಿ ಮಾತಿಲ್ಲ. ಅವರ ತಟ್ಟೆ ಮಾತ್ರ ತೊಳೆದಿಟ್ಟುಕೊಂಡರು, ನನ್ನ ತಟ್ಟೆ ತೊಟ್ಟಿಯಲ್ಲೇ ಇತ್ತು. ಒಗೆದ ಬಟ್ಟೆಯನ್ನೂ ತಂತಿಯ ಆ ತುದಿಗೆ ತಮ್ಮದು, ಈ ತುದಿಗೆ ನನ್ನದು ಅಂತ ಪಾಲು ಮಾಡಿದರು. ನೀನು ಫೋನ್ ಮಾಡಿದಾಗ ಕಾರ್ಯಕ್ರಮ ಚೆನ್ನಾಗಿ ಆಯ್ತು ಅಂತ ಇಬ್ಬರೂ ಹೇಳಿದೆವಲ್ಲ, ಆಗ ನಾವು ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದೆವು. ಸೋಮವಾರ ಸಂಜೆ ಅವರೇ ಬಾಯಿಬಿಟ್ಟರು. "ಬೇಕಂತಲೇ ಮಾಡಿದೆ ಅಲ್ವಾ" ಅಂದರು. ಹೌದು ಅಂದೆ. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲ ಹೇಳಿಬಿಟ್ಟೆ, ಶ್ರುತಿ, ಮೊಣಕೈ, ಬಾಮೈದ, ಬಕೆಟು ಕೂಡ. ಬಕೆಟಿನ ಮಾತು ಕೇಳಿ ಅವರು ಬಾಗಿಲ ಹತ್ತಿರ ನೆಲದ ಮೇಲೆ ಕೂತುಬಿಟ್ಟರು. "ನಿನಗೆ ಹೊಟ್ಟೆಕಿಚ್ಚಾ? ನನಗೆ ಎಷ್ಟಿರಬೇಕು ಹಾಗಾದ್ರೆ" ಅಂದರು. ನೀನು ಫೋನ್ ಮಾಡಿದಾಗಲೆಲ್ಲ ಮೊದಲು ನನ್ನ ಅಂಗಡಿಯ ಕಥೆ ಕೇಳುತ್ತೀಯಂತೆ. ನೀನು ನಗುವುದು ಅವರಿಗೆ ಅಡುಗೆಮನೆಯಲ್ಲಿ ನಿಂತರೂ ಕೇಳಿಸುತ್ತದಂತೆ. "ನನ್ನ ಕೈಗೆ ಫೋನ್ ಬರೋ ಹೊತ್ತಿಗೆ ಅವಳಿಗೆ ನಿದ್ದೆ. ಊಟ ಆಯ್ತಾ, ಬಾಗಿಲು ಹಾಕ್ಕೊಳಿ, ಇಷ್ಟೇ. ನನ್ನ ಹೆಂಡತಿ ನಗೋದನ್ನ ನಾನು ಗೋಡೆ ಈಚೆಯಿಂದ ಕೇಳಬೇಕು" ಅಂದರು. ನನಗೆ ಪಾಪ ಅನಿಸಬೇಕಾಗಿತ್ತು. ನಿಜ ಹೇಳುತ್ತೇನೆ, ಮೊದಲು ಅನಿಸಿದ್ದು ಖುಷಿ. ಆ ರಾತ್ರಿ ಎರಡು ತಟ್ಟೆಯನ್ನೂ ಅವರೇ ತೊಳೆದರು. ನಾನು ಒರೆಸಿದೆ.

ಅಷ್ಟೇ ಸಮಾಚಾರ. ಇದನ್ನೆಲ್ಲ ಓದಿ ನೀನು ಅಲ್ಲಿಂದ ಪಂಚಾಯಿತಿ ಮಾಡಬೇಡ. ಇನ್ನು ಮೇಲೆ ಫೋನ್ ಮಾಡಿದಾಗ ಮೊದಲು ಅವರ ಹತ್ತಿರ ಮಾತಾಡು. ದಿನಾ ಬೇಡ, ಒಂದು ದಿನ ಬಿಟ್ಟು ಒಂದು ದಿನ. ನಿನ್ನ ಜೊತೆ ಕೋಣೆಯಲ್ಲಿರುವ ಗೊರಕೆಯ ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಪರೀಕ್ಷೆ ಚೆನ್ನಾಗಿ ಬರೆ. ಹೊತ್ತಿಗೆ ಸರಿಯಾಗಿ ತಿನ್ನು, ನಮ್ಮ ಬಗ್ಗೆ ಯೋಚನೆ ಮಾಡುತ್ತಾ ತಣ್ಣಗಾದದ್ದನ್ನು ತಿನ್ನಬೇಡ.

ನಿನ್ನ ಕಾಲಿಗೆ ಬಿದ್ದು, ಒಂದು ಸಲ ಕಿವಿ ಹಿಂಡಿಸಿಕೊಂಡು,

ನಿನ್ನ ತಮ್ಮ
ಬುಗುರಿ

ತಾ.ಕ.: ಭಾವ ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನೆ ಶೆಡ್ಡಿನ ಯಜಮಾನಿ ಮನೆಗೇ ಬಂದಿದ್ದಳು. ನಾನು ಒಳಗೆ ಟೀ ಸೋಸುತ್ತಿದ್ದೆ. ಸ್ಯಾಕ್ಸ್ ಮಾತ್ರ ಸಾಕು, ಜೊತೆಗೆ ನಮ್ಮ ಪಿಯಾನೋದವನಿದ್ದಾನೆ, ಹುಡುಗ ಆಗಾಗ ಬರಲಿ ಅಂದಳು. ಭಾವ ಸ್ಯಾಕ್ಸಿನ ಪೆಟ್ಟಿಗೆ ತೆಗೆದ ಸದ್ದು ಕೇಳಿಸಿತು. ಆಮೇಲೆ "ಅವನಿಲ್ಲದೆ ನಾನೂ ಇಲ್ಲ. ಪಿಯಾನೋದವರು ಹೇಳಿದ ಜಾಗದಲ್ಲೇ ಇರ್ತಾರೆ, ಇವನು ಇರಲ್ಲ. ನನಗೆ ಅದೇ ಬೇಕು" ಅಂದರು. ಅವಳು ಮುಖ ಗಂಟು ಹಾಕಿಕೊಂಡೇ ಒಪ್ಪಿದಳು, ಈ ಶನಿವಾರದಿಂದ ಇಬ್ಬರೂ. ಅವಳು ಹೋದ ಮೇಲೆ ನಾನು ಕೇಳಿದೆ, ಅಕ್ಕನಿಗೋಸ್ಕರ ಹಾಗಂದ್ರಾ ಅಂತ. "ಅಕ್ಕನಿಗೋಸ್ಕರ ಆದ್ರೆ ಊಟ ಹಾಕ್ತೀನಿ. ಶನಿವಾರ ಯಾಕೆ ಕೊಡಲಿ" ಅಂದರು. ಆದರೆ ಅದನ್ನು ಹೇಳುವಾಗ ಸ್ಯಾಕ್ಸ್ ಒರೆಸುತ್ತಾ ತಲೆ ತಗ್ಗಿಸಿದ್ದರು, ಅವರ ಕಣ್ಣು ನನಗೆ ಕಾಣಲಿಲ್ಲ. ನೀನು ಕೇಳಿದರೆ ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೇಳು. ನಿನ್ನ ಮುಖ ನೋಡಿ ನನ್ನನ್ನು ಉಳಿಸಿಕೊಂಡಿದ್ದರೆ ಶನಿವಾರದೊಳಗೆ ಒಂದು ಸಾಲು ಬರೆ, ನಾನು ಹೋಗುವುದಿಲ್ಲ. ಗಿಟಾರಿಗೋಸ್ಕರ ಆಗಿದ್ದರೆ ಏನೂ ಬರೆಯಬೇಡ, ನಾನು ಅರ್ಥ ಮಾಡಿಕೊಳ್ಳುತ್ತೇನೆ. ಈ ಪತ್ರ ನಿನ್ನ ಕೈ ಸೇರುವುದೇ ಮುಂದಿನ ವಾರ ಅಂತ ನನಗೆ ಗೊತ್ತು. ಆದರೂ ಶನಿವಾರದವರೆಗೆ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತಿರುತ್ತೇನೆ.