ಕಾಲರ್ ಪಾಠ ಬರೆದವಳಿಗೆ

ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಮಗಳೇ,

ನಿನ್ನ ತಾಯಿಯ ಆಶೀರ್ವಾದ. ನಾನು ಮೂವತ್ತೆಂಟು ವರ್ಷ ಹೊಲಿಗೆ ಶಾಲೆ ನಡೆಸಿದವಳು. ಓದಿದ್ದು ಹೈಸ್ಕೂಲು, ಆದರೆ ಡಿಗ್ರಿ ಮಾಡಿದವರೂ ನನ್ನ ಮುಂದೆ ಟೇಪು ಹಿಡಿದು ನಿಂತಿದ್ದಾರೆ. ಈ ಮನೆಯಲ್ಲಿ ನನ್ನನ್ನು ಕೇಳದೆ ಕಿಟಕಿಯ ಪರದೆ ಕೂಡ ಬದಲಾಗುವುದಿಲ್ಲ. ಇದೆಲ್ಲ ನಿನಗೆ ಗೊತ್ತು. ಮುಂದಿನದನ್ನು ಬರೆಯಲು ಧೈರ್ಯ ಬರಲಿ ಎಂದು ಮೊದಲು ಇದನ್ನು ಬರೆದೆ.

ನಾಲ್ಕು ವರ್ಷ ನನ್ನ ಯೂಟ್ಯೂಬ್ ಪಾಠಗಳನ್ನೆಲ್ಲ ಬರೆದುಕೊಟ್ಟವಳು ನೀನು. ಪಾಠದ ಕೆಳಗೆ ನನ್ನ ಹೆಸರು ಹಾಕಮ್ಮ ಎಂದು ನೀನು ಕೇಳಿದಾಗ, ನನ್ನ ಬಾಯಿಂದ ಬಂದ ಮಾತು ನನ್ನದೇ ಎಂದು ನಾನು ಹೇಳಿಬಿಟ್ಟೆ. ನೀನು ಜಗಳವಾಡಲಿಲ್ಲ. ಬರೆಯುವ ಎರಡು ಎಐಗಳನ್ನು ಹುಡುಕಿ ಕಳಿಸಿ, ಯಾವುದಾದ್ರೂ ಒಂದು ಆರಿಸ್ಕೊ ಅಮ್ಮ, ಇನ್ನು ನಾನ್ಯಾಕೆ ಅಂತ ಫೋನಿಟ್ಟೆ.

ಆರಿಸುವುದೆಂದರೆ ನನಗೆ ಪರೀಕ್ಷೆ. ಎರಡಕ್ಕೂ ಕೊಟ್ಟದ್ದು ಒಂದೇ ಪ್ರಶ್ನೆ: ಅಂಗಿಗೆ ಕಾಲರ್ ಹೊಲಿಯುವುದು. ನಿನ್ನ ತಮ್ಮನ ಹೆಂಡತಿ ಗಟ್ಟಿಯಾಗಿ ಓದಬೇಕು, ನಾನು ಅದು ಹೇಳಿದಷ್ಟನ್ನೇ ಹೊಲಿಯಬೇಕು. ಸ್ವಂತ ಬುದ್ಧಿ ಸೇರಿಸುವಂತಿಲ್ಲ.

ಮೊದಲನೆಯದಕ್ಕೆ ಬೆಣ್ಣೆ ಎಂದು ಹೆಸರಿಟ್ಟೆವು. ನಲ್ಮೆಯ ಗೆಳತಿಯರೇ, ನಿಮ್ಮ ಬೆರಳುಗಳಲ್ಲಿ ಜಾದೂ ಇದೆ ಎಂದು ಶುರುಮಾಡಿ, ಹೊಲಿದ ಕಾಲರನ್ನು ಮಗುಚುವ ಮೊದಲು ಮೂಲೆಯ ಹೆಚ್ಚುವರಿ ಬಟ್ಟೆ ಕತ್ತರಿಸಿ ಎನ್ನುವುದನ್ನೇ ಮರೆಯಿತು. ಕಾಲರಿನ ತುದಿ ಗುಂಡಗೆ ಊದಿಕೊಂಡಿತು. ಅತ್ತೆ, ಜಾದೂ ಕಾಣ್ತಿದೆ ಅಂತ ಆ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗದರಬೇಕೆಂದು ಬಾಯಿ ತೆರೆದ ನನಗೂ ನಗು ಬಂತು.

ಎರಡನೆಯದು ಮೇಷ್ಟ್ರು. ಬಟ್ಟೆ ದಪ್ಪವೋ ತೆಳುವೋ ಎಂದು ಮೊದಲು ನನ್ನನ್ನೇ ಕೇಳಿತು! ಅದು ಹೇಳಿದಂತೆ ಹೊಲಿದೆ, ಮೂಲೆ ಚೂಪಾಗಿ ಕೂತಿತು. ನೂರಕ್ಕೆ ನೂರು ಕೊಟ್ಟೆ. ಸೊಸೆ ಮಾತ್ರ ಆಕಳಿಸುತ್ತಾ, ಕಾಲರ್ ಸರಿಯಾಯ್ತು ಅತ್ತೆ, ಆದ್ರೆ ಅತ್ತಿಗೆ ಇದ್ದಿದ್ರೆ ಇಲ್ಲೊಂದು ಕೀಟಲೆ ಮಾಡ್ತಿದ್ರು ಅಂದಳು.

ಹೌದು. ಮೂಲೆ ಕತ್ತರಿಸದವರ ಕಾಲರ್ ಕೋಳಿಮೊಟ್ಟೆ, ಅದನ್ನು ಹಾಕಿಕೊಂಡು ಹೆಣ್ಣು ನೋಡಲು ಹೋಗಬೇಡಿ ಎಂದು ಹಳೆಯ ಕಾಲರ್ ಪಾಠದಲ್ಲಿ ನೀನು ಬರೆದಿದ್ದೆ. ಹೋದ ತಿಂಗಳು ಗುಂಡಿ ಅಂಗಡಿಯಲ್ಲಿ ಯಾರೋ ನನ್ನ ಕೈ ಹಿಡಿದು ಅದೇ ಮಾತು ಹೇಳಿ ನಕ್ಕರು, ಇದೆಲ್ಲ ನಿಮ್ಗೆ ಹೇಗೆ ಹೊಳೆಯುತ್ತೆ ಟೀಚರಮ್ಮ ಅಂದರು. ನಾನು ಗಂಭೀರವಾಗಿ, ಅನುಭವ ಎಂದೆ. ಅದು ಸುಳ್ಳೆಂದು ಈವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ.

ಆದ್ದರಿಂದ ಹೀಗೆ ಮಾಡಿದ್ದೇನೆ. ಬೆಣ್ಣೆಯನ್ನು ಮನೆಗೆ ಕಳಿಸಿಯಾಯಿತು. ಅಳತೆ, ಕ್ರಮ ಬರೆಯುವ ಕೆಲಸ ಮೇಷ್ಟ್ರಿಗೆ. ಅದನ್ನು ತಿದ್ದುವವಳು ನಾನು. ಕೀಟಲೆಯ ಜಾಗ ಖಾಲಿ ಬಿಟ್ಟಿದ್ದೇನೆ. ನಿನಗೆ ಇಷ್ಟವಿದ್ದರೆ ತುಂಬು; ಇಲ್ಲದಿದ್ದರೆ ಖಾಲಿಯೇ ಇರಲಿ, ಒತ್ತಾಯವಿಲ್ಲ. ನಿನ್ನೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಳೆಯ ನೂರ ಹನ್ನೆರಡು ಪಾಠಗಳ ಕೆಳಗೂ 'ಬರೆದವಳು: ನನ್ನ ಮಗಳು' ಎಂದು ಹಾಕಿಸಿ, ಅದರ ಮುಂದೆ ನಿನ್ನ ಪೂರ್ತಿ ಹೆಸರು ಸೇರಿಸಿದೆ.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ: ಫೋನಿನಲ್ಲಿ ನಿನ್ನಪ್ಪ ನನ್ನ ಮಂಡಿನೋವಿನ ಸುದ್ದಿ ಹೇಳಿದರೆ ಗಾಬರಿಯಾಗಬೇಡ. ನಿನ್ನ ಹೆಸರು ಬಂದದ್ದನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಲು ಮೊಬೈಲು ಹಿಡಿದು ಈ ಕಟ್ಟಡದ ನಾಲ್ಕು ಮಹಡಿಯನ್ನೂ ಹತ್ತಿದ್ದೆ. ನಿನ್ನಪ್ಪನಿಗೆ ಮಾತ್ರ, ನೀರಿನ ಟ್ಯಾಂಕ್ ನೋಡಲು ಹೋಗಿದ್ದೆ ಎಂದಿದ್ದೇನೆ.